ಸಂದ್ಯಾಗಪ್ಪನ ಹನ್ನೆರಡನೇ ಜೋಡು

ಬಹಳ ಹಿಂದಿನ ಮಾತು. ಎಷ್ಟು ಹಿಂದಿನದು ಎಂದು ಕೇಳಬೇಡಿ. ನೆನಪಿಟ್ಟವರೆಲ್ಲ ಮಣ್ಣಾದರು, ಮಣ್ಣು ಬಾಯಿ ಬಿಡುವುದಿಲ್ಲ. ಶಿಲುಬೆಪಾಳ್ಯ ಎಂಬ ಒಂದು ಊರಿತ್ತು. ಊರ ನಡುವೆ ಹೆಂಚಿನ ಗುಡಿ, ಗುಡಿಯ ಮಾಡಿನ ಮೇಲೆ ಮರದ ಶಿಲುಬೆ, ಗುಡಿಯ ಹಿಂದೆ ಹುಣಸೇಮರ, ಮರದ ಕೆಳಗೆ ಒಂದು ಚಪ್ಪಟೆ ಕಲ್ಲು, ಕಲ್ಲಿನ ಮುಂದೆ ಸಂದ್ಯಾಗಪ್ಪ. ಮೊದಲು ಮರ ಬಂತೋ ಸಂದ್ಯಾಗಪ್ಪ ಬಂದನೋ ಯಾರಿಗೂ ಗೊತ್ತಿರಲಿಲ್ಲವಂತೆ.

ಅವನು ಜೋಡು ಹೊಲಿಯುವವನು. ಚಪ್ಪಲಿಗೆ ಆ ಊರಲ್ಲಿ ಜೋಡು ಎನ್ನುತ್ತಿದ್ದರು. ಅವನು ಹೊಲಿದ ಜೋಡು ಹಾಕಿಕೊಂಡವರಿಗೆ ಹಾವು ಕಚ್ಚುತ್ತಿರಲಿಲ್ಲವಂತೆ. ಒಬ್ಬ ಕುಂಟ ಅವನ ಜೋಡು ಮೆಟ್ಟಿ ಓಡಿದನಂತೆ, ಓಡಿದವನು ಇನ್ನೂ ನಿಂತಿಲ್ಲವಂತೆ. ನಗಬೇಡಿ. ನಂಬಿ ಎಂದು ಯಾರೂ ನಿಮಗೆ ಕೈಮುಗಿಯುತ್ತಿಲ್ಲ. ಆದರೆ ಒಂದು ಮಾತನ್ನು ಮಾತ್ರ ಎಲ್ಲರೂ ಒಂದೇ ಥರ ಹೇಳುತ್ತಾರೆ, ಅದನ್ನು ನಂಬಲೇಬೇಕು. ಸಂದ್ಯಾಗಪ್ಪ ಜೋಡನ್ನು ತಿರುಗಿಸಿ ಅಡಿಯ ಅಟ್ಟೆ ನೋಡಿದರೆ ಸಾಕು, ಆ ಕಾಲು ಎಲ್ಲೆಲ್ಲಿ ಓಡಾಡಿದೆ ಎಂದು ತಿಳಿದುಬಿಡುತ್ತಿತ್ತಂತೆ. ಸಂತೆಗೆ ಹೋಗಿದ್ದೆ ಎಂದು ಹೆಂಡತಿಗೆ ಹೇಳಿದವನ ಅಟ್ಟೆಯಲ್ಲಿ ಈಚಲುವನದ ಮರಳು ಸಿಕ್ಕಿರುತ್ತಿತ್ತು. ದಿನವೂ ಗುಡಿಯ ಅಂಗಳದಲ್ಲಿ ಮೊಣಕಾಲೂರುತ್ತೇನೆ ಎಂದವನ ಜೋಡಿನ ತುದಿ ಸವೆದೇ ಇರುತ್ತಿರಲಿಲ್ಲ. ಸಂದ್ಯಾಗಪ್ಪ ಯಾರ ಗುಟ್ಟನ್ನೂ ಊರಿಗೆ ಹೇಳುತ್ತಿರಲಿಲ್ಲ. ಹೊಲಿದು ಕೊಡುವಾಗ ಆ ಮನುಷ್ಯನನ್ನೊಮ್ಮೆ ನೋಡಿ, ಒಸಿ ದಾರಿ ಬದಲಾಯ್ಸು ಎನ್ನುತ್ತಿದ್ದನಂತೆ. ಅಷ್ಟಕ್ಕೇ ಜನ ಬೆವರುತ್ತಿದ್ದರು.

ಓದು ಬರಹ ಅವನಿಗೆ ಬರುತ್ತಿರಲಿಲ್ಲ. ಭಾನುವಾರ ಗುಡಿಯಲ್ಲಿ, ಪಾದ್ರಿ ಇಲ್ಲದಾಗ ಪ್ರಾರ್ಥನೆ ನಡೆಸುವ ಉಪದೇಶಿ ಯೇಸುಸ್ವಾಮಿಯ ವೇದ ಓದಿದ್ದನ್ನು ಬಾಗಿಲ ಹತ್ತಿರ, ಕಟ್ಟಕಡೆಯ ಸಾಲಿನಲ್ಲಿ ಕೂತು ಕೇಳುತ್ತಿದ್ದ. ತೊಗಲು ಮುಟ್ಟುವ ಕೈ ಎಂದು ಅವನಿಗೆ ಅದೇ ಜಾಗ. ಕೇಳಿದ್ದನ್ನು ಮರದ ಕೆಳಗೆ ಕೂತು ತನ್ನ ಕಸುಬಿನ ಮಾತಿನಲ್ಲಿ ಹೇಳುತ್ತಿದ್ದನಂತೆ. ಕಡೇ ದಿನ ದೇವರು ಯಾರ ಮುಖವನ್ನೂ ನೋಡುವುದಿಲ್ಲ, ಅಟ್ಟೆ ತಿರುಗಿಸಿ ನೋಡುತ್ತಾನೆ ಎನ್ನುತ್ತಿದ್ದನಂತೆ. ಅದು ವೇದದಲ್ಲಿ ಎಲ್ಲಿ ಬರೆದಿದೆ ಎಂದು ಉಪದೇಶಿ ರೇಗಿದರೆ, ನಿಮಗೆ ಓದೋಕ್ ಬರ್ತದಲ್ಲ, ಹುಡುಕಿ ಎನ್ನುತ್ತಿದ್ದನಂತೆ.

ಆ ಊರಲ್ಲಿ ಒಂದು ಪದ್ಧತಿ. ಯೇಸುಸ್ವಾಮಿ ಸತ್ತು ಎದ್ದ ಪಾಸ್ಕ ಹಬ್ಬದ ಮುಂಚಿನ ಗುರುವಾರ ಪಾದ್ರಿ ಸ್ವಾಮಿಗಳು ದೂರದಿಂದ ಬಂಡಿ ಕಟ್ಟಿಸಿಕೊಂಡು ಬಂದು ಹನ್ನೆರಡು ಗಂಡಸರ ಕಾಲು ತೊಳೆಯುತ್ತಿದ್ದರು. ಯೇಸುಸ್ವಾಮಿ ಸಾಯುವ ಮುಂಚೆ ತನ್ನ ಶಿಷ್ಯರ ಕಾಲು ತೊಳೆದನಲ್ಲ, ಅದರ ನೆನಪಿಗೆ. ಆ ಹನ್ನೆರಡು ಜನ ಯಾರು ಎಂದು ಗೊತ್ತುಮಾಡುವುದು ಊರ ಯಜಮಾನ ದೊಡ್ಡ ಇನ್ನಾಸಪ್ಪ. ಕಾಲು ತೊಳೆಸಿಕೊಳ್ಳಲು ಕೂರುವ ಮೊದಲ ಪೀಠ ಯಾವಾಗಲೂ ಅವನದೇ. ಆರಿಸಿದವರೆಲ್ಲ ಆ ವಾರಪೂರ್ತಿ ಹೊಲದ ಕಡೆ ತಲೆ ಹಾಕುತ್ತಿರಲಿಲ್ಲವಂತೆ. ಇಟ್ಟಿಗೆ ಚೂರಿನಿಂದ ಹಿಮ್ಮಡಿ ಉಜ್ಜಿ, ಸೀಗೆಪುಡಿ ಹಾಕಿ ತಿಕ್ಕಿ, ಹರಳೆಣ್ಣೆ ಸವರಿ, ಮದುಮಗಳ ಕಾಲಿನ ಹಾಗೆ ಮಾಡಿಕೊಂಡು ಬರುತ್ತಿದ್ದರು. ಪಾದ್ರಿ ಸ್ವಾಮಿಗಳಿಗೆ ಕೊಳೆ ತೋರಿಸಬಾರದಲ್ಲ! ತೊಳೆದ ಕಾಲು ತೊಳೆಯೋದಕ್ಕೆ ಪಾದ್ರಿ ಯಾಕೆ, ಮಳೆ ಸಾಲದೆ ಎಂದು ಸಂದ್ಯಾಗಪ್ಪ ನಗುತ್ತಿದ್ದನಂತೆ. ಆದರೆ ಆ ಹನ್ನೆರಡು ಜನಕ್ಕೂ ಹೊಸ ಜೋಡು ಹೊಲಿದುಕೊಡುವ ಬಾಧ್ಯತೆ ಅವನದು. ಪ್ರತಿ ವರ್ಷ ಪಾಸ್ಕಕ್ಕೆ ಮುಂಚಿನ ನಲವತ್ತು ದಿನದ ತಪಸ್ಸಿನ ಕಾಲದಲ್ಲಿ ಹನ್ನೆರಡು ಜೋಡು ಹೊಲಿದ. ಒಂದು ವರ್ಷವೂ ಪೀಠದ ಮೇಲೆ ಕೂರಲಿಲ್ಲ.

ಈಗ ವಿಷಯಕ್ಕೆ ಬರೋಣ.

ಒಂದು ಬೇಸಿಗೆಯಲ್ಲಿ ಸೀಮೆಗೆಲ್ಲ ವಾಂತಿಭೇದಿ ಬಂತಂತೆ. ದೂರದೂರಿನ ದೇವಮಾತೆಯ ಜಾತ್ರೆಗೆ ಹೋಗಿದ್ದ ಯಾತ್ರೆಯ ಜನ ಹಿಂದಿರುಗುವಾಗ ಊರ ಹೊರಗಿನ ಕೆರೆತೋಪಿನಲ್ಲಿ ಇಳಿದುಕೊಂಡರು. ಇಳಿದ ದಿನವೇ ಇಬ್ಬರು ಮಲಗಿದರು. ಸುದ್ದಿ ಕೇಳಿ ಇನ್ನಾಸಪ್ಪ ಬಂಡಿಗಟ್ಟಲೆ ಜಾಲಿಮುಳ್ಳು ತರಿಸಿ ದಾರಿಗೆಲ್ಲ ಹಾಕಿಸಿದ. ಒಳಗಿನವರು ಹೊರಕ್ಕಿಲ್ಲ, ಹೊರಗಿನವರು ಒಳಕ್ಕಿಲ್ಲ. ದಾಟಿದವರಿಗೆ ಊರಿಲ್ಲ, ಬೆಂಕಿಯಿಲ್ಲ, ನೀರಿಲ್ಲ ಎಂದು ಸಾರಿಸಿದ. ಅವನು ಮಾಡಿದ್ದು ತಪ್ಪಲ್ಲ, ಊರು ಉಳಿಯಿತು ಎನ್ನುವವರು ಈಗಲೂ ಇದ್ದಾರೆ. ಇರಲಿ. ಬೇಲಿ ಹಾಕಿದ್ದು ಒಂದು ಮಾತು, ಬೇಲಿಯ ಆಚೆಯಿಂದ ನೀರು, ನೀರು ಎಂದು ಕೂಗಿದ್ದನ್ನು ಕೇಳಿಸಿಕೊಂಡೂ ಗಂಜಿ ಕುಡಿದು ಮಲಗಿದ್ದು ಇನ್ನೊಂದು ಮಾತು.

ಕೆರೆ ಪಕ್ಕದಲ್ಲಿದ್ದರೂ ಎದ್ದು ಮೊಗೆಯುವ ಶಕ್ತಿ ಆಚೆ ಯಾರಲ್ಲೂ ಉಳಿದಿರಲಿಲ್ಲ; ಆ ಕೂಗು ಇಡೀ ಊರಿಗೆ ಕೇಳಿಸಿತು. ಸಂದ್ಯಾಗಪ್ಪನಿಗೂ ಕೇಳಿಸಿತು. ಅವನು ಏನು ಮಾಡಿದ ಗೊತ್ತೇ? ತೊಗಲನ್ನು ಕಲ್ಲಿನ ಮೇಲಿಟ್ಟು ಜೋರಾಗಿ ಬಡಿದ. ಕೇಳಿಸದ ಹಾಗೆ ಬಡಿದ. ದಿನವೆಲ್ಲ ಬಡಿದನಂತೆ. ಅಟ್ಟೆ ಬಡಿಯೋದಕ್ಕೂ ಒಂದು ಮಿತಿ ಇದೆ, ತೊಗಲು ಹರಿದೇ ಹೋಯಿತಂತೆ.

ದಾಟಿದವಳು ಒಬ್ಬಳೇ, ಜಪಮಾಲಮ್ಮ. ಗಂಡ ಸತ್ತವಳು, ಮಕ್ಕಳಿಲ್ಲದವಳು, ಅವರಿವರ ಮನೆಯಲ್ಲಿ ರಾಗಿ ಬೀಸಿ, ಗುಡಿಯ ಅಂಗಳ ಗುಡಿಸಿ ಬದುಕುತ್ತಿದ್ದವಳು. ಕವೆಗೋಲಿನಿಂದ ಮುಳ್ಳು ಸರಿಸಿ, ಕೊಡ ಹೊತ್ತು ಹೋದಳು. ಒಂಬತ್ತು ದಿನ ತೋಪಿನಲ್ಲೇ ಇದ್ದಳಂತೆ. ನೀರು ಕಾಯಿಸಿ ಕುಡಿಸಿದಳು, ಗಂಜಿ ಕುಡಿಸಿದಳು, ಸತ್ತವರನ್ನು ತಾನೇ ಗುಂಡಿ ತೋಡಿ ಮಣ್ಣುಮಾಡಿದಳು, ಗುಂಡಿಯ ಮೇಲೆ ಎರಡು ಕಡ್ಡಿ ಅಡ್ಡ ಕಟ್ಟಿ ಶಿಲುಬೆ ಊರಿದಳು. ಅರ್ಧ ಜನ ಬದುಕಿ ಎದ್ದು ತಮ್ಮ ದಾರಿ ಹಿಡಿದರು. ಹತ್ತನೇ ದಿನ ಜಪಮಾಲಮ್ಮ ಹಿಂದಿರುಗಿ ಬಂದಳು. ಊರು ಒಳಗೆ ಬಿಡಲಿಲ್ಲ.

ಮೊದಲು ರೋಗ ಎಂದರು. ರೋಗ ಹೋದ ಮೇಲೆ ಆಜ್ಞೆ ಮೀರಿದಳು ಎಂದರು. ಅದೂ ಸಪ್ಪೆಯಾದಾಗ, ಗೊತ್ತಿಲ್ಲದ ಗಂಡಸರ ಜೊತೆ ಒಂಬತ್ತು ದಿನ ಇದ್ದವಳು ಎಂದರು. ಆಡುವ ಬಾಯಿಗೆ ಅಗುಳಿ ಉಂಟೆ? ಬಂಡಿದಾರಿಯ ಮುಳ್ಳನ್ನು ತೆಗೆದರು, ತೋಪಿನ ಕಾಲುದಾರಿಯ ಮುಳ್ಳನ್ನು ಹಾಗೇ ಬಿಟ್ಟರು. ಅದು ಈಗ ರೋಗಕ್ಕೆ ಹಾಕಿದ ಮುಳ್ಳಲ್ಲ, ಜಪಮಾಲಮ್ಮನಿಗೆ ಹಾಕಿದ ಮುಳ್ಳು. ಎಲ್ಲರಿಗಿಂತ ಬಿಗಿಯಾಗಿ ನಿಂತವನು ಇನ್ನಾಸಪ್ಪ. ಪಾದ್ರಿ ಸ್ವಾಮಿಗಳು ಬಂದಾಗ, ಆ ಹೆಂಗಸು ದಾರಿತಪ್ಪಿದವಳು ಎಂದು ಹೇಳಿದವನೂ ಅವನೇ. ಅವರು ದೂರದವರು, ನಂಬಿದರು. ಅವಳು ತೋಪಿನಲ್ಲಿ ಗರಿಯ ಗುಡಿಸಲು ಹಾಕಿಕೊಂಡು, ಗುಡಿಯ ಗಂಟೆ ಕೇಳಿಸಿದಾಗಲೆಲ್ಲ ಊರ ಕಡೆ ತಿರುಗಿ ಮೊಣಕಾಲೂರುತ್ತಿದ್ದಳಂತೆ.

ರೋಗ ಇಳಿದ ಕೆಲವು ದಿನಕ್ಕೆ ಇನ್ನಾಸಪ್ಪ ತನ್ನ ಜೋಡನ್ನು ದುರಸ್ತಿಗೆ ಕೊಟ್ಟಿದ್ದ. ಸಂದ್ಯಾಗಪ್ಪ ಅಭ್ಯಾಸದಂತೆ ತಿರುಗಿಸಿ ನೋಡಿದ. ಬೆರಳ ಕಡೆಯ ಮೂತಿಯ ತುಂಬ ಜಾಲಿಮುಳ್ಳಿನ ಗೀರು. ಒಂದು ದಿನದ್ದಲ್ಲ, ಒಂದರ ಮೇಲೊಂದು ಒಂಬತ್ತು ದಿನದ ಗೀರು. ಹಿಮ್ಮಡಿಯಲ್ಲಿ ಒಂದು ಗೀರೂ ಇಲ್ಲ. ಎಂದರೆ ಈ ಕಾಲು ದಿನವೂ ಬೇಲಿಯವರೆಗೆ ಹೋಗಿದೆ, ಬೇಲಿಗೆ ತಾಗಿ ನಿಂತಿದೆ, ದಾಟದೆ ಹಿಂದಿರುಗಿದೆ. ಯಾಕೆ ಎಂದು ಸಂದ್ಯಾಗಪ್ಪನಿಗೆ ತಿಳಿಯಲಿಲ್ಲ. ಆಮೇಲೆ ತನ್ನ ಜೋಡನ್ನೂ ತಿರುಗಿಸಿ ನೋಡಿಕೊಂಡನಂತೆ. ಅದರಲ್ಲಿ ಒಂದು ಗೀರೂ ಇರಲಿಲ್ಲ. ಅವನಿಗೆ ಅಷ್ಟು ನಾಚಿಕೆ ಜನ್ಮದಲ್ಲಿ ಆಗಿರಲಿಲ್ಲವಂತೆ.

ವರ್ಷ ತಿರುಗಿತು. ತಪಸ್ಸಿನ ಕಾಲ ಬಂತು. ಜಪಮಾಲಮ್ಮನಿಗೆ ಕೆಮ್ಮು ಹಿಡಿದು, ಮೈ ಕಡ್ಡಿಯಾಗಿತ್ತು. ಸಾಯುವ ಮುಂಚೆ ಒಂದು ಪಾಸ್ಕ ಹಬ್ಬಕ್ಕೆ ಗುಡಿಯೊಳಗೆ ಕೂತು ಪ್ರಸಾದ ತೆಗೆದುಕೊಳ್ಳಬೇಕು ಎನ್ನುವುದೊಂದೇ ಅವಳ ಆಸೆ. ದನ ಕಾಯುವವರ ಬಾಯಲ್ಲಿ ಹೇಳಿಕಳಿಸಿದಳು. ಊರು ಕೂತು ಯೋಚಿಸಿ ಒಂದು ಷರತ್ತು ಹಾಕಿತು. ಗುರುವಾರದ ದಿನ ತಲೆಗೆ ಮುಳ್ಳಿನ ಸಿಂಬಿ ಇಟ್ಟುಕೊಂಡು ಗುಡಿಬಾಗಿಲಲ್ಲಿ ಮೊಣಕಾಲೂರಿ, ನಾನು ಬೇಲಿ ದಾಟಿ ಪಾಪ ಮಾಡಿದೆ ಎಂದು ಮೂರು ಸಲ ಹೇಳಬೇಕು. ಹೇಳಿದರೆ ಒಳಗೆ, ಇಲ್ಲದಿದ್ದರೆ ಸತ್ತರೂ ಹೊರಗೆ.

ಉಪದೇಶಿ ಬೇಲಿಯ ಈಚೆ ನಿಂತು ಇದನ್ನು ಕೂಗಿ ಹೇಳಿದ. ಸಂದ್ಯಾಗಪ್ಪ ಅಲ್ಲೇ ಕೆರೆಯ ಅಂಚಿನಲ್ಲಿ ಮಣ್ಣಿನ ಬಾನಿಯಲ್ಲಿ ತೊಗಲು ನೆನೆಹಾಕುತ್ತಿದ್ದ. ಜಪಮಾಲಮ್ಮ ಗುಡಿಸಲ ಕಂಬ ಹಿಡಿದುಕೊಂಡು ಎದ್ದು ನಿಂತಳಂತೆ.

"ಉಪ್ಪು ಕದ್ದಿದೀನಿ ಕಣಪ್ಪ, ಹೇಳ್ತೀನಿ. ಅತ್ತೆ ಸತ್ತಾಗ ಒಳಗೊಳಗೇ ಸಂತೋಷಪಟ್ಟಿದೀನಿ, ಅದನ್ನೂ ಹೇಳ್ತೀನಿ. ನೀರು ಕೊಟ್ಟಿದ್ದನ್ನ ಮಾತ್ರ ಪಾಪ ಅನ್ನಲ್ಲ. ಅಂದ್ರೆ ಆ ಶಿಲುಬೆ ಮೇಲೆ ಬಾಯಾರಿಕೆ ಅಂದೋನಿಗೆ ನಾಳೆ ಯಾವ ಮುಖ ತೋರಿಸ್ಲಿ?"

ಉಪದೇಶಿ ತಲೆ ತಗ್ಗಿಸಿಕೊಂಡು ಹೋದ. ಸಂದ್ಯಾಗಪ್ಪ ಬಾನಿಯನ್ನು ಅಲ್ಲೇ ಬಿಟ್ಟು, ಹಾಡುಹಗಲಲ್ಲಿ, ಮುಳ್ಳು ತುಳಿದುಕೊಂಡು ಬೇಲಿ ದಾಟಿದ. ಒಂದು ವರ್ಷ ತಡವಾಗಿ ದಾಟಿದ. ಅವಳ ಮುಂದೆ ನಿಂತು, ಅವತ್ತು ನನಗೂ ಕೂಗು ಕೇಳಿಸಿತ್ತು ಕಣವ್ವ ಎಂದು ಒಪ್ಪಿಕೊಂಡನಂತೆ. ಗೊತ್ತು, ನೀನು ಬಡಿಯೋದು ನನಗೂ ಕೇಳಿಸ್ತಿತ್ತು ಎಂದಳಂತೆ ಅವಳು.

ಆಮೇಲೆ ಗುಡಿಸಲ ಸೂರಿನಿಂದ ಒಂದು ಬಟ್ಟೆಗಂಟು ತೆಗೆದು ಕೊಟ್ಟಳು. ಬಿಚ್ಚಿ ನೋಡಿದರೆ ಹೆಂಗಸಿನ ಜೋಡು, ಸಣ್ಣದು, ಬಾರಿನ ಅಂಚಿಗೆ ಕೆಂಪು ನೂಲಿನ ಹೊಲಿಗೆ. ಸಂದ್ಯಾಗಪ್ಪ ಹೊಲಿಗೆಯ ಮೇಲೆ ಬೆರಳು ಓಡಿಸಿದ. ಅದು ಅವನೇ ಹೊಲಿದದ್ದು. ಇನ್ನಾಸಪ್ಪನ ಒಬ್ಬಳೇ ಮಗಳು ಸೂಸಮ್ಮನ ಮದುವೆಗೆ ಹೊಲಿದದ್ದು. ತಾಯಿಯಿಲ್ಲದ ಆ ಹುಡುಗಿ ಗಂಡನ ಊರಲ್ಲಿ ವಾಂತಿಭೇದಿಯಾಗಿ ತೀರಿಕೊಂಡಳು ಎಂದು ಇನ್ನಾಸಪ್ಪ ಊರಿಗೆ ಹೇಳಿದ್ದ. ಅಲ್ಲ. ನಡೆದದ್ದನ್ನು ಜಪಮಾಲಮ್ಮ ಹೇಳಿದಳು: ಅವಳು ಗಂಡನ ಜೊತೆ ಯಾತ್ರೆ ಮುಗಿಸಿ, ಅಪ್ಪನ ಮನೆಗೆಂದು ಹೊರಟು, ಇದೇ ತೋಪಿನಲ್ಲಿ ಮಲಗಿದ್ದಳು. ಅಪ್ಪ ಹಾಕಿಸಿದ ಬೇಲಿಯ ಆಚೆ. ಅಪ್ಪ ದಿನವೂ ಬಂದು ಈಚೆ ನಿಲ್ಲುತ್ತಿದ್ದ. ಊರಿಗೆಲ್ಲ ಮುಚ್ಚಿದ ದಾರಿಯನ್ನು ತನ್ನ ಮಗಳಿಗೆ ತೆರೆದರೆ ಊರು ಏನೆಂದೀತು ಎಂದು ನಿಂತೇ ಇರುತ್ತಿದ್ದ, ಹೋಗುತ್ತಿದ್ದ. ಗಂಡನೂ ಹೋದ, ಅವಳೂ ಹೋದಳು. ಮಣ್ಣು ಹಾಕಿದವಳು ಜಪಮಾಲಮ್ಮ.

ಈಗ ಸಂದ್ಯಾಗಪ್ಪನಿಗೆ ಒಂಬತ್ತು ಗೀರಿನ ಅರ್ಥ ಆಯಿತು. ಇನ್ನಾಸಪ್ಪನಿಗೆ ಇವಳ ಮುಖ ಕಂಡರೆ ಯಾಕೆ ಆಗುವುದಿಲ್ಲ ಎನ್ನುವುದೂ ಅರ್ಥ ಆಯಿತು. ಊರಿಗೆ ಕೂಗಿ ಹೇಳುತ್ತೇನೆ ಎಂದು ಎದ್ದನಂತೆ. ಜಪಮಾಲಮ್ಮ ಬೇಡ ಎಂದಳು. ಹೇಳುವುದಿದ್ದರೆ ನಾನೇ ಹೇಳುತ್ತಿದ್ದೆ, ಸತ್ತ ಮಗುವನ್ನು ತೋರಿಸಿ ನಾನು ಒಳಗೆ ಹೋಗಬೇಕೆ ಎಂದಳು. ಇದು ಅವರ ಮನೆಯ ವಸ್ತು, ಅವರಿಗೆ ತಲುಪಿಸು, ಬಾಯಿ ಮಾತ್ರ ಬಿಡಬೇಡ ಎಂದು ಅವನಿಂದ ಮಾತು ತೆಗೆದುಕೊಂಡಳು.

ಗುರುವಾರ ಬೆಳಗ್ಗೆ ಊರೆಲ್ಲ ಗುಡಿಯ ಮುಂದೆ. ಹನ್ನೆರಡು ಜನ ಎಣ್ಣೆಗಾಲು ಮಿರಮಿರ ಮಿಂಚಿಸುತ್ತ ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ಸಂದ್ಯಾಗಪ್ಪ ಮೂಟೆ ಬಿಚ್ಚಿ ಒಬ್ಬೊಬ್ಬರ ಮುಂದೆ ಹೊಸ ಜೋಡು ಇಟ್ಟುಕೊಂಡು ಬಂದ. ಹನ್ನೊಂದು ಜೋಡು ಆಯಿತು. ಬೇಕೆಂದೇ ಕಡೆಗೆ ಉಳಿಸಿದ ಹನ್ನೆರಡನೆಯದು ಇನ್ನಾಸಪ್ಪನದು. ಅವನ ಮುಂದೆ ಆ ಸಣ್ಣ ಜೋಡು ಇಟ್ಟ, ಕೆಂಪು ನೂಲಿನದು, ಮಣ್ಣು ಮೆತ್ತಿದ್ದು.

ಜನ ಕಿಸಕ್ಕನೆ ನಕ್ಕರಂತೆ. ಸಂದ್ಯಾಗಪ್ಪನಿಗೆ ಅರಳುಮರಳು, ಯಜಮಾನನಿಗೆ ಹೆಂಗಸರ ಜೋಡು ತಂದಿದ್ದಾನೆ ಎಂದರು. ಇನ್ನಾಸಪ್ಪ ನಗಲಿಲ್ಲ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲವಂತೆ.

"ನಿಮ್ಮನೆ ವಸ್ತು, ಯಜಮಾನ್ರೇ," ಎಂದ ಸಂದ್ಯಾಗಪ್ಪ. "ತಲುಪ್ಸು ಅಂದ್ರು, ತಲುಪ್ಸಿದೀನಿ. ಇನ್ನು ನಿಮಗೆ ನಾನು ಜೋಡು ಹೊಲಿಯಲ್ಲ."

ಹೆದರಿದವನಿಗೆ ಮೊದಲು ಬರುವುದು ಸಿಟ್ಟು. ಇನ್ನಾಸಪ್ಪ ಗುಡುಗಿದ. ಇವನನ್ನೂ ಹೊರಗೆ ಹಾಕಿ, ಇವನಿಗೂ ಬೆಂಕಿಯಿಲ್ಲ ನೀರಿಲ್ಲ, ಈ ಬಾಗಿಲು ಇವನು ತುಳಿಯಕೂಡದು ಎಂದ. ಸಂದ್ಯಾಗಪ್ಪ ಅದಕ್ಕೆ ಕೊಟ್ಟ ಉತ್ತರವನ್ನು ಶಿಲುಬೆಪಾಳ್ಯದ ಮಕ್ಕಳು ಹಾಲು ಕುಡಿಯುವಾಗಲೇ ಕಲಿಯುತ್ತಾರೆ.

"ಬಾಗ್ಲು ನಿಮ್ದು, ಮಡಿಕ್ಕಳಿ. ದೇವ್ರು ನಿಮ್ದಲ್ಲ."

ಹೇಳಿದವನು ಬೆನ್ನು ತಿರುಗಿಸಿದ. ಕಾಲು ತೊಳೆಯಲು ಇಟ್ಟಿದ್ದ ಗುಡಿಯ ತಾಮ್ರದ ಬೋಗುಣಿಯನ್ನೇ ಹೊತ್ತುಕೊಂಡು ಹೋದ ಎಂದು ಕೆಲವರು ಹೇಳುತ್ತಾರೆ. ಸುಳ್ಳು. ಅವನು ಹೊತ್ತದ್ದು ತೊಗಲು ನೆನೆಹಾಕುವ ತನ್ನ ಮಣ್ಣಿನ ಬಾನಿಯನ್ನು. ಅದನ್ನು ಬೆಳಗಿ, ಕೆರೆಯ ನೀರು ತುಂಬಿಸಿಕೊಂಡು, ಬೇಲಿ ತುಳಿದು ದಾಟಿ, ಗುಡಿಸಲ ಮುಂದೆ ಇಟ್ಟ. ಜಪಮಾಲಮ್ಮನನ್ನು ಕಲ್ಲಿನ ಮೇಲೆ ಕೂರಿಸಿದ. ತಾನು ನೆಲಕ್ಕೆ ಕೂತ. ಗುಡಿಯ ಬಾಗಿಲಿನಿಂದ ತೋಪು ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತದೆ, ಇಳಿಜಾರು. ಊರೆಲ್ಲ ನೋಡುತ್ತಿದ್ದ ಹಾಗೆ, ಸೀಳುಬಿಟ್ಟ, ಕೆಸರು ಕೂತ, ಉಗುರು ಕಪ್ಪಾದ ಆ ಕಾಲನ್ನು ಅವನು ತೊಳೆದ. ತೊಗಲು ಮುಟ್ಟುವ ಕೈಯಿಂದ ತೊಳೆದ. ಒಂದು ಸಲವೂ ಹಿಂದಿರುಗಿ ನೋಡಲಿಲ್ಲವಂತೆ.

ಗುಡಿಯೊಳಗೆ ಪಾದ್ರಿ ಸ್ವಾಮಿಗಳು ಹನ್ನೊಂದು ಜನರ ಕಾಲು ತೊಳೆದರು. ಬೋಗುಣಿಯ ನೀರು ಹಾಕಿದ ಹಾಗೇ ತಿಳಿಯಾಗಿತ್ತು. ಎಣ್ಣೆಯ ಪಸೆ ಬಿಟ್ಟರೆ ಏನೂ ಇಲ್ಲ. ಅವರು ಬೋಗುಣಿಯಿಂದ ತಲೆಯೆತ್ತಿದರು. ಮೊದಲ ಪೀಠ ಖಾಲಿಯಿತ್ತು. ಹನ್ನೆರಡನೆಯವರೆಲ್ಲಿ ಎಂದು ಕೇಳಿದರು. ಜನ ಬಾಗಿಲ ಕಡೆ ನೋಡಿದರು.

ಹನ್ನೆರಡನೆಯವನು ಇಳಿಜಾರಿನಲ್ಲಿ ನಡೆಯುತ್ತಿದ್ದ. ಬರಿಗಾಲು. ಎದೆಗೆ ಆ ಸಣ್ಣ ಜೋಡನ್ನು ಒತ್ತಿಕೊಂಡಿದ್ದ. ಬೇಲಿಯ ಹತ್ತಿರ ಹೋಗಿ ನಿಂತ, ಆ ಒಂಬತ್ತು ದಿನ ನಿಂತಿದ್ದನಲ್ಲ, ಅದೇ ಜಾಗದಲ್ಲಿ. ನಿಂತೇ ಇದ್ದ. ಊರೆಲ್ಲ ಗುಡಿಬಾಗಿಲಿಗೆ ಬಂದು ನೋಡುತ್ತಿತ್ತು, ಪಾದ್ರಿ ಸ್ವಾಮಿಗಳೂ ಅಂಗಿಯ ತೋಳು ಮಡಿಚಿದ ಹಾಗೇ ಹೊರಗೆ ಬಂದಿದ್ದರು. ಸಂದ್ಯಾಗಪ್ಪ ಅವನನ್ನು ನೋಡಿದ. ಕೈ ಕೊಡಲು ಏಳಲಿಲ್ಲವಂತೆ. ಬಾ ಎನ್ನಲೂ ಇಲ್ಲವಂತೆ. ದಾಟುವುದನ್ನು ಯಾರೂ ಯಾರಿಗಾಗಿಯೂ ಮಾಡಿಕೊಡಲಾಗುವುದಿಲ್ಲ ಎಂದು ಅವನಿಗೆ ತಿಳಿದಿತ್ತು. ಅವನು ಕಾದ.

ಇನ್ನಾಸಪ್ಪ ಬೇಲಿಯ ಮೇಲೆ ಕಾಲಿಟ್ಟ. ವಾರವಿಡೀ ಉಜ್ಜಿ ಮೆತ್ತಗೆ ಮಾಡಿದ ಕಾಲು. ಜಾಲಿಮುಳ್ಳು ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಅವನು ಕೂಗಿದ್ದು ಗುಡಿಯವರೆಗೂ ಕೇಳಿಸಿತಂತೆ. ಆದರೆ ಹಿಂದಕ್ಕೆ ಬರಲಿಲ್ಲ. ದಾಟಿ, ತೆವಳುವ ಹಾಗೆ ನಡೆದು, ಗುಡಿಸಲ ಮುಂದೆ ಕುಸಿದು ಕೂತ. ಎರಡೂ ಕಾಲಲ್ಲಿ ರಕ್ತ, ಮಣ್ಣು, ಮುಳ್ಳು. ತೊಳೆಯುವುದಕ್ಕೆ ಯೋಗ್ಯವಾದ ಕಾಲು ಅವತ್ತು ಅವನಿಗೆ ಮೊದಲ ಸಲ ಬಂದಿತ್ತು.

ಸಂದ್ಯಾಗಪ್ಪ ಅವನ ಕಾಲನ್ನು ತೊಡೆಯ ಮೇಲೆ ತೆಗೆದುಕೊಂಡು, ಜೋಡು ಹೊಲಿಯುವ ದಬ್ಬಳದಿಂದ ಒಂದೊಂದೇ ಮುಳ್ಳು ಕೀಳತೊಡಗಿದ. ಜಪಮಾಲಮ್ಮ ಕಲ್ಲಿನಿಂದ ಇಳಿದು, ಕೆಮ್ಮುತ್ತಲೇ ಚೊಂಬಿನಲ್ಲಿ ನೀರು ಹೊಯ್ದಳು.

"ಕಡೇಗಳಿಗೇಲಿ ನೀರು ಕೇಳಿದ್ಲು, ಕೊಟ್ಟೆ," ಎಂದಳು. "ಅಪ್ಪ ಬತ್ತಾನಾ ಅಂದ್ಲು. ಬತ್ತಾನೆ ಕಣವ್ವ, ಮಲಿಕ್ಕೊ ಅಂದೆ. ವರ್ಷದಿಂದ ನನಗೆ ಅದೊಂದೇ ಭಯ ಇತ್ತು, ನಾ ಸುಳ್ಳು ಹೇಳಿ ಕಳಿಸ್ಬುಟ್ನೇನೋ ಅಂತ."

ಇನ್ನಾಸಪ್ಪ ಅತ್ತ ಅಳುವನ್ನು ಹೇಳಲು ನಮಗೆ ಬಾಯಿಲ್ಲ. ಅತ್ತು ಮುಗಿಸಿ, ಊರ ಕಡೆ ತಿರುಗಿ, ತಾನು ಮಾಡಿದ್ದನ್ನೆಲ್ಲ ತಾನೇ ಕೂಗಿ ಹೇಳಿದ. ಮೂರು ಸಲ ಹೇಳಿದನಂತೆ, ಅವಳಿಗೆ ವಿಧಿಸಿದ್ದ ಹಾಗೆಯೇ.

ಆಗ ಊರಿನವರು, ಹೊರಗೆ ಹಾಕಿದ ಇಬ್ಬರನ್ನೂ ಕ್ಷಮಿಸಿದ್ದೇವೆ, ಒಳಗೆ ಬನ್ನಿ ಎಂದು ಕರೆದರಂತೆ. ನೋಡಿ ಬುದ್ಧಿ! ಸಂದ್ಯಾಗಪ್ಪ ದಬ್ಬಳ ಎತ್ತಿ ಹಿಡಿದು, ಕ್ಷಮಿಸೋಕೆ ನೀವ್ಯಾರು, ಕ್ಷಮೆ ಬೇಕಾದವರು ಬೇಲಿಯ ಆ ಕಡೆ ಇದ್ದೀರಿ, ಬೇಕಾದರೆ ನೀವೇ ಇಲ್ಲಿಗೆ ಬನ್ನಿ ಎಂದನಂತೆ. ಮೊದಲು ಕದಲಿದವರು ಪಾದ್ರಿ ಸ್ವಾಮಿಗಳು. ಪಾದರಕ್ಷೆ ಕಳಚಿಟ್ಟು ಇಳಿದರು. ಅವರ ಹಿಂದೆ ಉಪದೇಶಿ, ಅವನ ಹಿಂದೆ ಎಣ್ಣೆಗಾಲಿನ ಹನ್ನೊಂದು ಜನ. ಬರಿಗೈಯಿಂದ ಮುಳ್ಳು ಎಳೆದು ಹಾಕಿದರು. ಆ ವರ್ಷ ಪಾಸ್ಕ ಹಬ್ಬದ ಪೂಜೆ ಗುಡಿಯಲ್ಲಿ ನಡೆಯಲಿಲ್ಲ. ತೋಪಿನಲ್ಲಿ, ಕಡ್ಡಿ ಶಿಲುಬೆಗಳ ನಡುವೆ ನಡೆಯಿತು. ಸತ್ತವನು ಎದ್ದ ಸುದ್ದಿಯನ್ನು ಸತ್ತವರ ನಡುವೆಯೇ ಓದಿದರು. ಮೊದಲ ಪ್ರಸಾದ ಜಪಮಾಲಮ್ಮನಿಗೆ.

ಹಬ್ಬದ ಮರುದಿನವೇ ಅವಳು ಕಣ್ಣು ಮುಚ್ಚಿದಳು ಎನ್ನುವವರಿದ್ದಾರೆ. ಇಲ್ಲ, ಕೆಮ್ಮು ವಾಸಿಯಾಗಿ ಇನ್ನೂ ಇಪ್ಪತ್ತು ವರ್ಷ ಬದುಕಿ ಎಲ್ಲರ ತಲೆ ತಿಂದಳು ಎನ್ನುವವರೂ ಇದ್ದಾರೆ. ನಮಗೆ ಎರಡನೆಯದೇ ಇಷ್ಟ. ಸಂದ್ಯಾಗಪ್ಪ ಸತ್ತಾಗ ಅವನ ಜೋಡನ್ನು ತಿರುಗಿಸಿ ನೋಡಿದರಂತೆ. ಅಟ್ಟೆ ತುಂಬ ಗೀರು, ಮೂತಿಯಿಂದ ಹಿಮ್ಮಡಿಯವರೆಗೆ.

ಇವತ್ತಿಗೂ ಶಿಲುಬೆಪಾಳ್ಯದಲ್ಲಿ ಪಾಸ್ಕದ ಮುಂಚಿನ ದೊಡ್ಡ ವಾರ ಬಂತೆಂದರೆ ಯಾರೂ ಮನೆಯಲ್ಲಿ ಕಾಲು ತೊಳೆದುಕೊಳ್ಳುವುದಿಲ್ಲ. ಗುರುವಾರ ಬೆಳಗ್ಗೆ ಹೊಲದಲ್ಲಿ ಒಂದು ಸುತ್ತು ಕೆಸರು ತುಳಿದೇ ಗುಡಿಗೆ ಬರುತ್ತಾರೆ. ಬೋಗುಣಿಯ ನೀರು ಕಪ್ಪಾಗದಿದ್ದರೆ ಹೆಂಗಸರು ಬೈಯುತ್ತಾರೆ. ಮೊದಲ ಪೀಠ ಯಾವಾಗಲೂ ಒಬ್ಬ ವಿಧವೆಗೆ, ಎರಡನೆಯದು ಜೋಡು ಹೊಲಿಯುವವರ ಮನೆಗೆ. ಬಾಗಿಲಲ್ಲಿ ಬಿಟ್ಟ ಜೋಡುಗಳನ್ನೆಲ್ಲ ಅವತ್ತು ಅಟ್ಟೆ ಮೇಲೆ ಮಾಡಿ ಇಡುತ್ತಾರೆ, ನೋಡುವವನು ನೋಡಿಕೊಳ್ಳಲಿ ಎಂದು.

ಇನ್ನೊಂದಿದೆ. ಆ ಊರ ತೋಪಿನ ದಾರಿಗೆ ಯಾರೂ ಮುಳ್ಳು ಹಾಕುವುದಿಲ್ಲ. ಪಕ್ಕದೂರಿನ ಆಡುಗಳಿಗೆ ಇದು ಚೆನ್ನಾಗಿ ಗೊತ್ತು. ಆ ದಾರಿಯಲ್ಲೇ ನುಗ್ಗಿ ಅವರೆಕಾಯಿ ಹೊಲವನ್ನು ಬೋಳು ಮಾಡಿ ಹೋಗುತ್ತವೆ. ಬೇಲಿ ಹಾಕ್ರಪ್ಪ ಎಂದು ಹೊರಗಿನವರು ಬುದ್ಧಿ ಹೇಳಿದರೆ, ಆ ಊರವರು ಹುರುಳಿ ಕೊಯ್ಯುತ್ತಲೇ ತಲೆಯೆತ್ತಿ ಹೇಳುತ್ತಾರೆ: ಮೇಯ್ಲಿ ಬುಡಿ, ಯಾರಾದ್ರೂ ನೀರು ಕೇಳ್ಕೊಂಡು ಬರೋ ದಾರಿ ಅದು.